ಲಕ್ಷಗಟ್ಟಲೆ ಕ್ಯಾಶ್ ಫೈಲುಗಳಿದ್ದಾಗ ಸರ್ವರ್ ಕುಸಿಯದಂತೆ ನೋಡಿಕೊಳ್ಳುವುದು ಹೇಗೆ?

ವೆಬ್‌ಸೈಟ್ ಚುರುಕಾಗಲಿ ಎಂದು ಹಾಕಿಕೊಂಡ ಫೈಲ್ ಕ್ಯಾಶ್ (ಒಮ್ಮೆ ತಯಾರಾದ ಪುಟವನ್ನು ಮುಂದೆ ಕೇಳುವವರಿಗೂ ಕೊಡಲು ಡಿಸ್ಕಿನಲ್ಲಿ ಫೈಲಾಗಿ ಉಳಿಸಿಡುವ ವ್ಯವಸ್ಥೆ), ಸೈಟು ಬೆಳೆದಂತೆ ತಾನೇ ಒಂದು ಹೊರೆಯಾಗಿಬಿಡುತ್ತದೆ. ಕೆಲವು ಸಾವಿರ ಫೈಲುಗಳಿರುವ ತನಕ ಅದರ ಕಡೆ ತಿರುಗಿ ನೋಡುವ ಅಗತ್ಯವೂ ಬರುವುದಿಲ್ಲ. ಹತ್ತಿಪ್ಪತ್ತು ಲಕ್ಷ ದಾಟಿತೆಂದರೆ ಲೆಕ್ಕವೇ ಬೇರೆ. ಆಗ ಎಷ್ಟೋ ಸಲ ಸೈಟು ನಿಂತುಹೋಗುವುದು ಭೇಟಿ ಕೊಡುವವರು ಹೆಚ್ಚಾದರು ಎಂದಲ್ಲ, ರಾತ್ರಿ, ನಿಗದಿತ ಹೊತ್ತಿಗೆ ಕೆಲಸ ಶುರುಮಾಡುವ ಕ್ರಾನ್‌ನಲ್ಲಿ ಓಡುವ ಕ್ಯಾಶ್ ಶುಚಿಯ ಸ್ಕ್ರಿಪ್ಟಿನಿಂದ ಅಥವಾ ಅಡ್ಮಿನ್ ಪುಟದಲ್ಲಿ ಯಾರೋ ಒತ್ತಿದ ‘ಎಲ್ಲ ಕ್ಯಾಶ್ ಅಳಿಸಿ’ ಎಂಬ ಗುಂಡಿಯಿಂದ.

ಫೈಲು ಬರೆಯುವುದು ಡಿಸ್ಕಿಗೆ ಕೆಲಸ ಎಂದು ಎಲ್ಲರಿಗೂ ಗೊತ್ತು. ಅಳಿಸುವುದೂ ಅಷ್ಟೇ ಕೆಲಸ ಎಂಬುದು ಮರೆತುಹೋಗುತ್ತದೆ. ಒಂದು ಫೈಲು ಅಳಿಸಬೇಕಾದರೆ ಡೈರೆಕ್ಟರಿಯಿಂದ ಅದರ ಹೆಸರು ತೆಗೆಯಬೇಕು, ಐನೋಡ್ (ಫೈಲಿನ ವಿವರ ಬರೆದಿಡುವ ದಾಖಲೆ) ಬಿಡುಗಡೆ ಮಾಡಬೇಕು, ಅದು ಹಿಡಿದಿದ್ದ ಬ್ಲಾಕುಗಳನ್ನು (ಡಿಸ್ಕಿನ ಜಾಗದ ತುಣುಕುಗಳನ್ನು) ಖಾಲಿ ಎಂದು ಗುರುತು ಹಾಕಬೇಕು, ಇಷ್ಟನ್ನೂ ಫೈಲ್ ಸಿಸ್ಟಮ್‌ನ ದಿನಚರಿಯಾದ ಜರ್ನಲ್‌ನಲ್ಲಿ ಬರೆಯಬೇಕು. ಇದನ್ನು ಮೂವತ್ತು ಲಕ್ಷ ಸಲ ಒಂದೇ ಉಸಿರಿನಲ್ಲಿ ಮಾಡಿಸಿದರೆ ಡೇಟಾಬೇಸಿಗೆ ಡಿಸ್ಕ್ ಸಿಗುವುದೇ ಇಲ್ಲ. ಹಾಗಾಗಿ ಇಲ್ಲಿ ಹೇಳುವ ಎಲ್ಲ ಹಂತಗಳ ಹಿಂದಿರುವ ನಿಯಮ ಒಂದೇ: ಕ್ಯಾಶನ್ನು ಒಂದೇಟಿಗೆ ಖಾಲಿ ಮಾಡಬೇಡಿ, ದಿನವಿಡೀ ಸ್ವಲ್ಪಸ್ವಲ್ಪವಾಗಿ ಕರಗಿಸುತ್ತಿರಿ. ಜೊತೆಗೆ, ಬೇಡದ ಫೈಲು ಹುಟ್ಟದಂತೆ ನೋಡಿಕೊಳ್ಳಿ.

ಇಲ್ಲಿ ಲಿನಕ್ಸ್ ಸರ್ವರನ್ನೇ ಎದುರಿಗಿಟ್ಟುಕೊಂಡು ಬರೆದಿದ್ದೇನೆ. ಕ್ಯಾಶ್ ನಿಮ್ಮದೇ ಪಿಎಚ್‌ಪಿ ಕೋಡಿನದ್ದಿರಲಿ, ವರ್ಡ್‌ಪ್ರೆಸ್ ಪ್ಲಗಿನ್‌ನದ್ದಿರಲಿ, ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್‌ನದ್ದಿರಲಿ, ಅಳತೆ ಮತ್ತು ಅಳಿಸುವಿಕೆಯ ವಿಷಯ ಹೆಚ್ಚುಕಡಿಮೆ ಒಂದೇ.

ಹಂತ 1: ಜಿಬಿ ನೋಡಬೇಡಿ, ಫೈಲುಗಳ ಸಂಖ್ಯೆ ನೋಡಿ

‘ಡಿಸ್ಕಿನಲ್ಲಿ ಜಾಗವಿಲ್ಲ’ ಎಂಬ ದೋಷ ಬರುತ್ತದೆ. ‘ಡಿಎಫ್ -ಎಚ್’ ಕೊಟ್ಟು ನೋಡಿದರೆ ಅರ್ಧ ಡಿಸ್ಕ್ ಖಾಲಿ ಇರುತ್ತದೆ. ಇಂಥ ಗೊಂದಲ ಎದುರಾದಾಗ ತಕ್ಷಣ ‘ಡಿಎಫ್ -ಐ’ ಕೊಡಿ. ಅದು ಐನೋಡ್‌ಗಳ ಲೆಕ್ಕ ತೋರಿಸುತ್ತದೆ. ಪ್ರತಿ ಫೈಲಿಗೂ ಪ್ರತಿ ಡೈರೆಕ್ಟರಿಗೂ ಒಂದೊಂದು ಐನೋಡ್ ಬೇಕು. ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಒಟ್ಟು ಎಷ್ಟು ಐನೋಡ್ ಇರಬೇಕೆಂಬುದು ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗಿಬಿಡುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಪ್ರತಿ 16 ಕೆಬಿ ಜಾಗಕ್ಕೆ ಒಂದು.

ಲೆಕ್ಕ ಹಾಕಿ ನೋಡೋಣ. 100 ಜಿಬಿ ಪಾರ್ಟಿಷನ್‌ಗೆ ಸುಮಾರು 65 ಲಕ್ಷ ಐನೋಡ್ ಸಿಗುತ್ತದೆ. ನಿಮ್ಮ ಕ್ಯಾಶ್ ಫೈಲು ಕಂಪ್ರೆಸ್ ಆದ ಮೇಲೆ ಸರಾಸರಿ 6 ಕೆಬಿ ಎಂದಿಟ್ಟುಕೊಳ್ಳಿ. ಬ್ಲಾಕ್ ಗಾತ್ರ 4 ಕೆಬಿ ಇರುವುದರಿಂದ ಅದು ಎರಡು ಬ್ಲಾಕ್, ಅಂದರೆ 8 ಕೆಬಿ ಹಿಡಿಯುತ್ತದೆ. 65 ಲಕ್ಷ ಫೈಲು ಬಂದಾಗ ತುಂಬಿದ್ದು 50 ಜಿಬಿ ಚಿಲ್ಲರೆ ಮಾತ್ರ, ಆದರೆ ಐನೋಡ್ ಪೂರ್ತಿ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಆ ಪಾರ್ಟಿಷನ್‌ನಲ್ಲಿ ಹೊಸ ಸೆಷನ್ ಫೈಲೂ ಹುಟ್ಟುವುದಿಲ್ಲ, ಹೊಸ ಅಪ್‌ಲೋಡೂ ಉಳಿಯುವುದಿಲ್ಲ. ಇನ್ನೊಂದು ಫೈಲ್ ಸಿಸ್ಟಮ್ ಆದ ಎಕ್ಸ್‌ಎಫ್‌ಎಸ್‌ನಲ್ಲಿ ಐನೋಡ್‌ಗಳು ಬೇಕಾದಂತೆ ಹುಟ್ಟಿಕೊಳ್ಳುವುದರಿಂದ ಈ ತೊಂದರೆ ಅಷ್ಟಾಗಿ ಕಾಡುವುದಿಲ್ಲ.

ಎಷ್ಟು ಫೈಲಿದೆ ಎಂದು ತಿಳಿಯಲು ‘ಡಿಯು’ ಓಡಿಸಬೇಡಿ. ಅದು ಪ್ರತಿ ಫೈಲನ್ನೂ ಮುಟ್ಟಿ ಬರುತ್ತದೆ, ದಟ್ಟಣೆಯ ಹೊತ್ತಿನಲ್ಲಿ ಅದೊಂದೇ ಸಾಕು ಸೈಟು ತೆವಳುವಂತೆ ಮಾಡಲು. ‘ಎಲ್‌ಎಸ್’ ಕೂಡ ದೊಡ್ಡ ಡೈರೆಕ್ಟರಿಯಲ್ಲಿ ತುಂಬಾ ಹೊತ್ತು ಬಾಯಿ ಬಿಡದೆ ಕೂರುತ್ತದೆ, ಏಕೆಂದರೆ ಎಲ್ಲ ಹೆಸರುಗಳನ್ನೂ ಓದಿ, ವಿಂಗಡಿಸಿ, ಆಮೇಲೆ ತೋರಿಸುವುದು ಅದರ ಕ್ರಮ. ‘ಎಲ್‌ಎಸ್ -ಎಫ್’ ಎಂದು ಸಣ್ಣ ಅಕ್ಷರದಲ್ಲಿ ಕೊಟ್ಟು, ‘ಹೆಡ್’‌ಗೆ ಪೈಪ್ ಮಾಡಿದರೆ (ಅಂದರೆ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಕಳಿಸಿದರೆ) ವಿಂಗಡಣೆ ಇಲ್ಲದೆ ಮೊದಲ ಕೆಲವು ಹೆಸರುಗಳು ತಟ್ಟನೆ ಬರುತ್ತವೆ. ಫೈಲುಗಳ ಹೆಸರು ಹೇಗಿದೆ ಎಂದು ನೋಡಲು ಅಷ್ಟು ಸಾಕು.

ಸಾಧ್ಯವಿದ್ದರೆ ಕ್ಯಾಶಿಗೆಂದೇ ಬೇರೆ ಪಾರ್ಟಿಷನ್ ಅಥವಾ ಬೇರೆ ವಾಲ್ಯೂಮ್ ಕೊಡಿ. ಇದಕ್ಕಿಂತ ಉಪಕಾರದ ಕೆಲಸ ಇನ್ನೊಂದಿಲ್ಲ. ಕ್ಯಾಶ್ ತುಂಬಿದರೂ ಡೇಟಾಬೇಸ್ ನಿಲ್ಲುವುದಿಲ್ಲ. ಗಾತ್ರವನ್ನೂ ಐನೋಡನ್ನೂ ‘ಡಿಎಫ್’ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ, ಒಂದೊಂದು ಫೈಲನ್ನೂ ಎಣಿಸುವ ಪಾಡಿಲ್ಲ. ಫಾರ್ಮ್ಯಾಟ್ ಮಾಡುವಾಗಲೇ ಐನೋಡ್ ಪ್ರಮಾಣ ಹೆಚ್ಚಿಸಿಕೊಳ್ಳಬಹುದು. ಕೊನೆಗೆ ಏನೂ ತೋಚದೆ ಹೋದರೆ, ಸೈಟನ್ನು ಕ್ಯಾಶ್ ಇಲ್ಲದೆ ಕೆಲವು ನಿಮಿಷ ಓಡಿಸಬಲ್ಲಿರಾದರೆ, ಆ ಪಾರ್ಟಿಷನ್ ಒಂದನ್ನೇ ಮತ್ತೆ ಫಾರ್ಮ್ಯಾಟ್ ಮಾಡಿದರಾಯಿತು.

ಹಂತ 2: ಈಗಾಗಲೇ ತುಂಬಿಹೋಗಿದ್ದರೆ

ತುಂಬಿದ ಡೈರೆಕ್ಟರಿಯೊಳಗೆ ಹೋಗಿ ಅಳಿಸುವ ಕಮಾಂಡ್ ‘ಆರ್‌ಎಂ’ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ‘ಆರ್ಗ್ಯುಮೆಂಟ್ ಪಟ್ಟಿ ತೀರಾ ಉದ್ದ’ ಎಂಬ ದೋಷ ಬರುತ್ತದೆ. ಶೆಲ್ (ಕಮಾಂಡುಗಳನ್ನು ಓದಿ ನಡೆಸುವ ತಂತ್ರಾಂಶ) ಆ ನಕ್ಷತ್ರವನ್ನು ಅಷ್ಟೂ ಫೈಲುಗಳ ಹೆಸರಾಗಿ ಬಿಡಿಸಿ ಕಮಾಂಡಿಗೆ ಒಟ್ಟಿಗೆ ಕೊಡಲು ಹೋಗುತ್ತದೆ, ಲಿನಕ್ಸ್‌ನ ತಿರುಳಾದ ಕರ್ನಲ್ ಅದಕ್ಕೊಂದು ಮಿತಿ ಇಟ್ಟಿದೆ. ಸಾಮಾನ್ಯವಾಗಿ 2 ಎಂಬಿ. ಆಗ ಹಲವರು ಡೈರೆಕ್ಟರಿಯನ್ನೇ ‘ಆರ್‌ಎಂ -ಆರ್‌ಎಫ್’ ಮಾಡಲು ಹೊರಡುತ್ತಾರೆ. ಕಮಾಂಡ್ ಓಡುತ್ತದೆ ನಿಜ, ಆದರೆ ಡಿಸ್ಕನ್ನು ಪೂರ್ತಿ ಹಿಡಿದುಕೊಂಡು ಓಡುತ್ತದೆ. ಅದು ಮುಗಿಯುವ ತನಕ ಸೈಟಿನ ಗತಿ ದೇವರೇ ಬಲ್ಲ.

ಇದರ ಬದಲು ಹೀಗೆ ಮಾಡಿ. ಮೊದಲು ಹಳೆಯದರ ಪಕ್ಕದಲ್ಲೇ ಒಂದು ಖಾಲಿ ಡೈರೆಕ್ಟರಿ ಮಾಡಿ. ಅದರ ಮಾಲೀಕ, ಗುಂಪು, ಅನುಮತಿ ಹಳೆಯದರಂತೆಯೇ ಇರಲಿ. ಭದ್ರತಾ ವ್ಯವಸ್ಥೆ ಎಸ್‌ಇಲಿನಕ್ಸ್ ಇದ್ದರೆ ಅದರ ಲೇಬಲ್ ಕೂಡ. ಆಮೇಲೆ ಒಂದರ ಹಿಂದೆ ಒಂದರಂತೆ ಎರಡು ‘ಎಂವಿ’ ಕೊಡಿ: ಹಳೆಯದರ ಹೆಸರು ‘ಕ್ಯಾಶ್-ಹಳೆ’ ಆಗಲಿ, ಹೊಸದು ಅದರ ಜಾಗಕ್ಕೆ ಬರಲಿ. ಒಂದೇ ಫೈಲ್ ಸಿಸ್ಟಮ್‌ನ ಒಳಗೆ ಹೆಸರು ಬದಲಿಸುವುದು ಕ್ಷಣಮಾತ್ರದ ಕೆಲಸ, ಒಳಗೆ ಎಷ್ಟು ಲಕ್ಷ ಫೈಲಿದ್ದರೂ ಅಷ್ಟೇ. ಬೇರೆ ಪಾರ್ಟಿಷನ್‌ಗೆ ಮಾತ್ರ ‘ಎಂವಿ’ ಮಾಡಬೇಡಿ, ಅದು ಅಷ್ಟನ್ನೂ ನಕಲು ಮಾಡಿ ಅಳಿಸಲು ಕೂರುತ್ತದೆ.

ಒಂದು ಎಚ್ಚರಿಕೆ. ಹೀಗೆ ಬದಲಿಸಿದ ಗಳಿಗೆಯಿಂದ ಕ್ಯಾಶ್ ಪೂರ್ತಿ ಖಾಲಿ. ಬರುವ ಪ್ರತಿ ಕೋರಿಕೆಯೂ ನೇರ ಪಿಎಚ್‌ಪಿಗೆ, ಡೇಟಾಬೇಸಿಗೆ ಹೋಗುತ್ತದೆ. ಅದರ ಪರಿಣಾಮವನ್ನು ಹಂತ 6ರಲ್ಲಿ ವಿವರಿಸಿದ್ದೇನೆ, ಅದನ್ನು ಓದದೆ ಈ ಕೆಲಸಕ್ಕೆ ಇಳಿಯಬೇಡಿ. ಜನ ಕಡಿಮೆ ಇರುವ ಹೊತ್ತನ್ನೇ ಆರಿಸಿಕೊಳ್ಳಿ.

ಈಗ ‘ಕ್ಯಾಶ್-ಹಳೆ’ಯನ್ನು ಯಾರೂ ಬಳಸುತ್ತಿಲ್ಲ, ಅದನ್ನು ಅಳಿಸಲು ಯಾವ ಅವಸರವೂ ಇಲ್ಲ. ‘ಫೈಂಡ್’ ಕಮಾಂಡಿಗೆ ಆ ಡೈರೆಕ್ಟರಿ ಕೊಟ್ಟು, ಫೈಲುಗಳನ್ನಷ್ಟೇ ಆರಿಸಲು ಹೇಳಿ, ಹೆಸರುಗಳನ್ನು ‘ಪ್ರಿಂಟ್0’ ಆಯ್ಕೆಯಲ್ಲಿ ಹೊರಹಾಕಿಸಿ. ಅದನ್ನು ‘ಎಕ್ಸ್‌ಆರ್ಗ್ಸ್ -0 -ಎನ್ 500’ಕ್ಕೆ ಪೈಪ್ ಮಾಡಿ. ಎಕ್ಸ್‌ಆರ್ಗ್ಸ್ ಪ್ರತಿ 500 ಹೆಸರಿಗೆ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಕರೆಯಲಿ. ಆ ಸ್ಕ್ರಿಪ್ಟ್ ಮಾಡುವುದು ಎರಡೇ ಕೆಲಸ: ಆ 500 ಫೈಲನ್ನು ಅಳಿಸುವುದು, ಒಂದು ಸೆಕೆಂಡ್ ‘ಸ್ಲೀಪ್’ ಮಾಡುವುದು. ಪೈಪಿನಲ್ಲಿ ಹಿಡಿಸುವುದು 64 ಕೆಬಿ ಮಾತ್ರ. ಈ ಕಡೆ ಅಳಿಸುವವನು ನಿಂತಾಗ ಆ ಕಡೆ ಹುಡುಕುವ ‘ಫೈಂಡ್’ ಕೂಡ ತಾನಾಗಿ ನಿಲ್ಲುತ್ತದೆ, ಹಾಗಾಗಿ ಓದುವ ಹೊರೆಯೂ ಹತೋಟಿಯಲ್ಲಿರುತ್ತದೆ. 500 ಫೈಲು ಅಳಿಸಲು ಅರ್ಧ ಸೆಕೆಂಡ್, ವಿಶ್ರಾಂತಿ ಒಂದು ಸೆಕೆಂಡ್ ಎಂದು ಹಿಡಿದರೆ 30 ಲಕ್ಷ ಫೈಲಿಗೆ ಎರಡೂವರೆ ಗಂಟೆ. ಅಷ್ಟು ಹೊತ್ತು ಹಿಡಿದರೆ ಹಿಡಿಯಲಿ, ಸೈಟಿಗೆ ಭೇಟಿ ಕೊಟ್ಟವರಿಗೆ ಇದು ನಡೆಯುತ್ತಿದೆ ಎಂಬ ಸುಳಿವೂ ಸಿಗುವುದಿಲ್ಲ.

ಇನ್ನೂ ಜಾಣತನದಿಂದ ಮಾಡಬೇಕೆಂದಿದ್ದರೆ, ಪ್ರತಿ ಗುಂಪು ಅಳಿಸುವ ಮೊದಲು ಸ್ಕ್ರಿಪ್ಟ್ ಡಿಸ್ಕಿನ ಒತ್ತಡ ನೋಡಲಿ. ಕರ್ನಲ್ 4.20ರಿಂದ ಈಚೆಗೆ ‘ಪ್ರೊಕ್’ ಡೈರೆಕ್ಟರಿಯೊಳಗೆ ‘ಪ್ರೆಷರ್’, ಅದರೊಳಗೆ ‘ಐಒ’ ಎಂಬ ಫೈಲಿದೆ. ಕಳೆದ 10 ಸೆಕೆಂಡಿನಲ್ಲಿ ಎಷ್ಟು ಶೇಕಡಾ ಸಮಯ ಯಾವುದಾದರೂ ಪ್ರೊಸೆಸ್ ಡಿಸ್ಕಿಗಾಗಿ ಕಾದು ಕೂತಿತ್ತು ಎಂಬುದನ್ನು ಅದು ಹೇಳುತ್ತದೆ. ಆ ಅಂಕಿ 20 ದಾಟಿದ್ದರೆ ಹತ್ತು ಸೆಕೆಂಡ್ ತಡೆದು ಮತ್ತೆ ನೋಡಿ ಎಂದು ಬರೆದರೆ, ದಟ್ಟಣೆ ಬಂದಾಗ ಶುಚಿಯ ಕೆಲಸ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. 20 ಎಂಬುದು ಕಲ್ಲಿನಲ್ಲಿ ಕೊರೆದದ್ದಲ್ಲ. ನಿಮ್ಮ ಸರ್ವರ್ ಸುಮ್ಮನಿದ್ದಾಗ, ತುಂಬಿದ್ದಾಗ ಎಷ್ಟಿರುತ್ತದೆ ಎಂದು ನೋಡಿ ನಿಗದಿ ಮಾಡಿಕೊಳ್ಳಿ.

ಡಿಸ್ಕಿನ ಸರದಿಯಲ್ಲಿ ಹಿಂದೆ ನಿಲ್ಲಿಸುವ ‘ಐಒನೈಸ್’ ಬಳಸಿ, ಬೇರೆ ಯಾರಿಗೂ ಡಿಸ್ಕ್ ಬೇಡದಾಗ ಮಾತ್ರ ಅವಕಾಶ ಸಿಗುವ ಐಡಲ್ ವರ್ಗಕ್ಕೆ ಹಾಕಿದರೆ ಸಾಕು ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಚೆನ್ನಾಗಿ ಕೆಲಸ ಮಾಡುವುದು ಡಿಸ್ಕಿನ ಷೆಡ್ಯೂಲರ್ (ಯಾರ ಕೋರಿಕೆ ಮೊದಲು ಎಂದು ನಿರ್ಧರಿಸುವ ಭಾಗ) ಬಿಎಫ್‌ಕ್ಯೂ ಆಗಿದ್ದಾಗ. ಎನ್‌ವಿಎಂಇ ಡಿಸ್ಕುಗಳಲ್ಲಿ ಎಷ್ಟೋ ಸಲ ಷೆಡ್ಯೂಲರ್ ‘ನನ್’ (ಯಾವುದೂ ಇಲ್ಲ) ಎಂದಿರುತ್ತದೆ, ಅಲ್ಲಿ ಐಒನೈಸ್ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಅದನ್ನೊಂದನ್ನೇ ನಂಬಿ ಕೂರಬೇಡಿ. ನಡುನಡುವೆ ನಿಲ್ಲುವ ‘ಸ್ಲೀಪ್’ ಯಾವ ಡಿಸ್ಕಿನಲ್ಲೂ ಕೈ ಕೊಡುವುದಿಲ್ಲ.

‘ಫೈಂಡ್’‌ಗೇ ‘-ಡಿಲೀಟ್’ ಎಂಬ ಆಯ್ಕೆ ಇದೆ, ಸಣ್ಣ ಡೈರೆಕ್ಟರಿಗಳಿಗೆ ಅದು ಅನುಕೂಲ. ಆದರೆ ಫೈಂಡ್ ತನ್ನ ಷರತ್ತುಗಳನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋಗುತ್ತದೆ. ‘-ಡಿಲೀಟ್’ ಮೊದಲು ಬಂದು, ‘ಒಂದು ದಿನಕ್ಕಿಂತ ಹಳೆಯದು’ ಎಂಬ ಷರತ್ತು ಆಮೇಲೆ ಬಂದರೆ, ಷರತ್ತು ನೋಡುವ ಮೊದಲೇ ಎಲ್ಲ ಹೋಗಿರುತ್ತದೆ. ಮೊದಲ ಸಲ ಯಾವಾಗಲೂ ‘-ಡಿಲೀಟ್’ ಇರುವ ಜಾಗದಲ್ಲಿ ‘-ಪ್ರಿಂಟ್’ ಹಾಕಿ ಓಡಿಸಿ, ಬಂದ ಪಟ್ಟಿಯನ್ನು ಕಣ್ಣಾರೆ ನೋಡಿ.

ಅಳಿಸಿದ ಮೇಲೂ ಜಾಗ ವಾಪಸು ಬರದಿದ್ದರೆ, ಯಾವುದೋ ಪ್ರೊಸೆಸ್ ಆ ಫೈಲುಗಳನ್ನು ಇನ್ನೂ ತೆರೆದಿಟ್ಟುಕೊಂಡಿದೆ ಎಂದರ್ಥ. ‘ಎಲ್‌ಎಸ್‌ಒಎಫ್ +ಎಲ್1’ ಅದನ್ನು ತೋರಿಸುತ್ತದೆ. ಇನ್ನು ಇಎಕ್ಸ್‌ಟಿ4ನಲ್ಲಿ ಒಮ್ಮೆ ಉಬ್ಬಿದ ಡೈರೆಕ್ಟರಿ ಒಳಗಿನ ಫೈಲು ಹೋದರೂ ಕುಗ್ಗುವುದಿಲ್ಲ. ಡೈರೆಕ್ಟರಿಯ ಗಾತ್ರವೇ ನೂರಾರು ಎಂಬಿ ಎಂದು ತೋರಿಸುತ್ತಿದ್ದರೆ, ಅದನ್ನು ಓದುವುದು ನಿಧಾನವಾಗಿಯೇ ಉಳಿಯುತ್ತದೆ. ಹೊಸ ಡೈರೆಕ್ಟರಿ ಮಾಡಿ ಹಳೆಯದನ್ನು ಬಿಡುವ ಮೇಲಿನ ಉಪಾಯ ಈ ಕಾರಣಕ್ಕೂ ಒಳ್ಳೆಯದು.

ಹಂತ 3: ಫೈಲುಗಳನ್ನು ಹಂಚಿಡಿ

ಲಕ್ಷಾಂತರ ಫೈಲು ಒಂದೇ ಡೈರೆಕ್ಟರಿಯಲ್ಲಿ ರಾಶಿ ಬಿದ್ದಿದ್ದರೆ ಮುಂದಿನ ಯಾವ ಹಂತವೂ ಸುಲಭವಲ್ಲ. ಕ್ಯಾಶ್ ಕೀಯನ್ನು (ಪುಟವನ್ನು ಗುರುತಿಸುವ ಹೆಸರು, ಸಾಮಾನ್ಯವಾಗಿ ಅದರ ವಿಳಾಸ) ಎಂಡಿ5 ಮಾಡಿ (ಅಂದರೆ ನಿಗದಿತ ಉದ್ದದ ಹೆಕ್ಸ್ ಗುರುತಾಗಿ ಬದಲಿಸಿ; ಹೆಕ್ಸ್‌ನಲ್ಲಿ ಒಂದು ಅಕ್ಷರಕ್ಕೆ 16 ಆಯ್ಕೆ), ಬಂದ 32 ಅಕ್ಷರಗಳಲ್ಲಿ ಮೊದಲ ಎರಡನ್ನು ಉಪಡೈರೆಕ್ಟರಿಯ ಹೆಸರಾಗಿಸಿ. 256 ಡೈರೆಕ್ಟರಿಗಳಾಗುತ್ತವೆ, 20 ಲಕ್ಷ ಫೈಲಿದ್ದರೆ ಒಂದೊಂದಕ್ಕೆ 7,800ರಷ್ಟು ಬರುತ್ತದೆ. ಇನ್ನೊಂದು ಮಟ್ಟ ಬೇಕೆಂದರೆ ಎಂಜಿನ್‌ಎಕ್ಸ್‌ನ ‘ಲೆವೆಲ್ಸ್’ 1:2 ಮಾದರಿ ಚೆನ್ನಾಗಿದೆ. 16 ಡೈರೆಕ್ಟರಿ, ಪ್ರತಿಯೊಂದರಲ್ಲೂ 256, ಒಟ್ಟು 4,096. ಒಂದೊಂದರಲ್ಲಿ 500 ಫೈಲಿಗಿಂತ ಕಡಿಮೆ. ಎರಡು ಅಕ್ಷರಗಳ ಎರಡು ಮಟ್ಟ ಮಾಡಿ 65,536 ಡೈರೆಕ್ಟರಿ ಮಾಡುವವರಿದ್ದಾರೆ, 20 ಲಕ್ಷ ಫೈಲಿಗೆ ಅದು ಅತಿಯಾಯಿತು. ಡೈರೆಕ್ಟರಿಗೂ ಐನೋಡ್ ಬೇಕು, ಬ್ಲಾಕ್ ಬೇಕು, ಅವುಗಳನ್ನು ಸುತ್ತಿ ಬರುವುದಕ್ಕೂ ಸಮಯ ಬೇಕು.

ಬರೆಯುವಾಗ ಇನ್ನೊಂದು ವಿಷಯ. ಫೈಲನ್ನು ನೇರವಾಗಿ ಅದರ ಹೆಸರಿನಲ್ಲೇ ಬರೆಯಬೇಡಿ. ಅದೇ ಪಾರ್ಟಿಷನ್‌ನಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದು, ನಂತರ ಹೆಸರು ಬದಲಿಸಿ. ಆಗ ಅರ್ಧ ಬರೆದ ಪುಟ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗೆಯೇ ಓದುವ ಕೋಡು ‘ಫೈಲಿದೆಯೇ’ ಎಂದು ಕೇಳಿ ತೆರೆಯುವಷ್ಟರಲ್ಲಿ ಶುಚಿಯ ಸ್ಕ್ರಿಪ್ಟ್ ಅದನ್ನು ಅಳಿಸಿರಬಹುದು. ತೆರೆಯಲು ಆಗದಿದ್ದರೆ ಕ್ಯಾಶ್‌ನಲ್ಲಿ ಇಲ್ಲವೆಂದೇ ತಿಳಿದು ಮುಂದುವರಿಯುವಂತೆ ಕೋಡು ಇರಲಿ.

ಹಂತ 4: ದಿನವಿಡೀ ಸ್ವಲ್ಪಸ್ವಲ್ಪ

ಹಂಚಿಟ್ಟ ಮೇಲೆ ರಾತ್ರಿಯ ದೊಡ್ಡ ಶುಚಿಯನ್ನು ಪೂರ್ತಿ ಕೈಬಿಡಬಹುದು. 256 ಡೈರೆಕ್ಟರಿಗಳಿವೆ. ಪ್ರತಿ ಐದು ನಿಮಿಷಕ್ಕೊಮ್ಮೆ ಒಂದೇ ಒಂದು ಡೈರೆಕ್ಟರಿಯನ್ನು ನೋಡಿ ಅದರಲ್ಲಿನ ಹಳೆಯ ಫೈಲುಗಳನ್ನು ಅಳಿಸಿದರೆ, 1,280 ನಿಮಿಷಕ್ಕೆ, ಅಂದರೆ 21 ಗಂಟೆ 20 ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತದೆ. ದಿನಕ್ಕೊಂದು ಸುತ್ತು ಆಯಿತು. ಯಾವ ಡೈರೆಕ್ಟರಿ ಎಂದು ನೆನಪಿಟ್ಟುಕೊಳ್ಳಲು ಬೇರೆ ಫೈಲು ಬೇಡ: ಯುನಿಕ್ಸ್ ಸಮಯವನ್ನು (1970ರ ಆರಂಭದಿಂದ ಕಳೆದ ಸೆಕೆಂಡುಗಳು) 300ರಿಂದ ಭಾಗಿಸಿ, ಬಂದ ಪೂರ್ಣಾಂಕವನ್ನು 256ರಿಂದ ಭಾಗಿಸಿ, ಉಳಿದ ಶೇಷವನ್ನು ಎರಡಕ್ಷರದ ಹೆಕ್ಸ್ ಸಂಖ್ಯೆಯಾಗಿ ಬರೆದರೆ ಅದೇ ಡೈರೆಕ್ಟರಿಯ ಹೆಸರು. ಸರ್ವರ್ ನಡುವೆ ರೀಬೂಟ್ ಆದರೂ ಒಂದೆರಡು ಡೈರೆಕ್ಟರಿ ತಪ್ಪಬಹುದು, ಮರುದಿನದ ಸುತ್ತಿನಲ್ಲಿ ಅವು ಸಿಕ್ಕೇ ಸಿಗುತ್ತವೆ.

ಕ್ರಾನ್ ಸಾಲಿನ ಮುಂದೆ ‘ಎಫ್‌ಲಾಕ್ -ಎನ್’ ಇರಲೇಬೇಕು. ಹಿಂದಿನ ಸರದಿ ಯಾವುದೋ ಕಾರಣಕ್ಕೆ ಮುಗಿಯದೆ ಇದ್ದಾಗ ಮುಂದಿನದು ಶುರುವಾಗದೆ ಸುಮ್ಮನೆ ಹಿಂದೆ ಸರಿಯುತ್ತದೆ. ಇದಿಲ್ಲದಿದ್ದರೆ ಡಿಸ್ಕ್ ನಿಧಾನವಾದ ದಿನ ಐದು ನಿಮಿಷಕ್ಕೊಂದರಂತೆ ಶುಚಿಯ ಸ್ಕ್ರಿಪ್ಟುಗಳು ಒಂದರ ಮೇಲೊಂದು ಪೇರಿಸಿಕೊಂಡು, ನಿಧಾನವಾಗಿದ್ದ ಡಿಸ್ಕನ್ನು ಪೂರ್ತಿ ನಿಲ್ಲಿಸಿಬಿಡುತ್ತವೆ.

ಯಾವುದು ಹಳೆಯದು? ಫೈಲಿನ ಎಂಟೈಮ್, ಅಂದರೆ ಕೊನೆಯ ಬಾರಿ ಬರೆದ ಸಮಯವನ್ನು ನೋಡುವುದು ಸರಳ. ‘ಇತ್ತೀಚೆಗೆ ಯಾರೂ ಓದಿಲ್ಲದ್ದನ್ನು ಅಳಿಸಬೇಕು’ ಎಂಬ ಆಸೆಯಿಂದ ಎಟೈಮ್ (ಕೊನೆಯ ಬಾರಿ ಓದಿದ ಸಮಯ) ನೋಡುವವರು ಒಂದು ಸಂಗತಿ ತಿಳಿದಿರಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ‘ರೆಲ್‌ಎಟೈಮ್’ ಸೆಟ್ಟಿಂಗ್‌ನಲ್ಲಿ, ಬದಲಾಗದ ಫೈಲಿನ ಎಟೈಮ್ 24 ಗಂಟೆಗೊಮ್ಮೆ ಮಾತ್ರ ಹೊಸದಾಗುತ್ತದೆ. ‘ನೋಎಟೈಮ್’ ಹಾಕಿದ್ದರೆ ಹೊಸದಾಗುವುದೇ ಇಲ್ಲ. ಕ್ಯಾಶ್ ಪಾರ್ಟಿಷನ್‌ಗೆ ನೋಎಟೈಮ್ ಹಾಕಿ, ಎಂಟೈಮನ್ನೇ ನೆಚ್ಚಿಕೊಳ್ಳುವುದು ನನ್ನ ಆಯ್ಕೆ. ಓದಿದ ಮಾತ್ರಕ್ಕೆ ಡಿಸ್ಕಿಗೆ ಒಂದು ಬರಹ ಹುಟ್ಟುವುದು ತಪ್ಪುತ್ತದೆ.

ಪುಟದ ಅವಧಿ ಒಂದು ಗಂಟೆ ಎಂದಿದ್ದರೆ ಒಂದು ಗಂಟೆಗೇ ಫೈಲು ಅಳಿಸಬೇಡಿ. ಅವಧಿ ಮುಗಿದ ಪುಟವೂ ಆಪತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ, ಹೊಸ ಪುಟ ತಯಾರಾಗುವ ತನಕ ಹಳೆಯದನ್ನೇ ಕೊಡಬಹುದು. ಅಳಿಸುವ ವಯಸ್ಸು ಒಂದು ದಿನವಿರಲಿ.

ಹಂತ 5: ಸರ್ವರ್ ತಂತ್ರಾಂಶಕ್ಕೇ ಆ ಕೆಲಸ ಬಿಡಬಹುದಾದರೆ ಬಿಡಿ

ಎಂಜಿನ್‌ಎಕ್ಸ್ ಕ್ಯಾಶ್ ಬಳಸುತ್ತಿದ್ದರೆ ನಿಮ್ಮ ಸ್ಕ್ರಿಪ್ಟ್ ಅದರೊಳಗೆ ಕೈ ಹಾಕುವುದು ಬೇಡ. ಅದು ಯಾವ ಕೀ ಎಲ್ಲಿದೆ ಎಂಬುದನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಹೊರಗಿನಿಂದ ಅಳಿಸಿದರೆ ಓದುಗರಿಗೇನೂ ಆಗುವುದಿಲ್ಲ, ಆದರೆ ಅದರ ಕ್ಯಾಶ್ ಮ್ಯಾನೇಜರ್ ಮುಂದೆ ಇಲ್ಲದ ಫೈಲನ್ನು ಅಳಿಸಲು ಹೋಗಿ ದೋಷದ ಲಾಗ್ ತುಂಬಿಸುತ್ತದೆ. ಆ ಮ್ಯಾನೇಜರ್ ಈಗಾಗಲೇ ನಾವು ಮೇಲೆ ಬರೆದ ರೀತಿಯಲ್ಲೇ ನಡೆಯುತ್ತದೆ: ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಒಂದು ಸರದಿಗೆ ಹೆಚ್ಚೆಂದರೆ 100 ಫೈಲು ಅಥವಾ 200 ಮಿಲಿಸೆಕೆಂಡ್, ಆಮೇಲೆ 50 ಮಿಲಿಸೆಕೆಂಡ್ ವಿಶ್ರಾಂತಿ. ಡಿಸ್ಕ್ ನಿಧಾನದ್ದಾಗಿದ್ದರೆ ‘ಮ್ಯಾನೇಜರ್_ಸ್ಲೀಪ್’ ಹೆಚ್ಚಿಸಿ.

ಇಲ್ಲಿ ಹೆಚ್ಚಾಗಿ ಕಣ್ತಪ್ಪುವುದು ‘ಕೀಸ್_ಜೋನ್’ (ಕೀಗಳಿಗೆ ಮೀಸಲಿಟ್ಟ ಮೆಮೊರಿ) ಗಾತ್ರ. ಒಂದು ಎಂಬಿಗೆ ಸುಮಾರು 8,000 ಕೀ ಹಿಡಿಸುತ್ತದೆ. ಮಾದರಿಗಳಲ್ಲಿ ಕಾಣುವ 10 ಎಂಬಿಯನ್ನೇ ನಕಲು ಮಾಡಿದ್ದರೆ 80,000ಕ್ಕೆ ಮುಗಿಯಿತು. ಡಿಸ್ಕಿನಲ್ಲಿ ಕ್ಯಾಶ್‌ನ ಮಿತಿ ಹೇಳುವ ‘ಮ್ಯಾಕ್ಸ್_ಸೈಜ್’ 50 ಜಿಬಿ ಕೊಟ್ಟಿದ್ದರೂ, ಜೋನ್ ತುಂಬಿದ ಮೇಲೆ ಹೊಸ ಕೀಗಾಗಿ ಹಳೆಯದನ್ನು ಹೊರಹಾಕುತ್ತಲೇ ಇರುತ್ತದೆ. ಡಿಸ್ಕಿನಲ್ಲಿ ಜಾಗವಿದ್ದೂ ಕ್ಯಾಶ್ ನಿಲ್ಲುವುದಿಲ್ಲ. 20 ಲಕ್ಷ ಫೈಲು ಉಳಿಯಬೇಕೆಂದರೆ 250 ಎಂಬಿ ಬೇಕು. ‘ಇನ್‌ಆಕ್ಟಿವ್’ ಕೂಡ ನೋಡಿ, ಏನೂ ಬರೆಯದಿದ್ದರೆ 10 ನಿಮಿಷ ಯಾರೂ ಕೇಳದ ಫೈಲು ಹೋಗುತ್ತದೆ. ‘ಯೂಸ್_ಟೆಂಪ್_ಪಾತ್’ ಆಫ್ ಮಾಡಿ, ಇಲ್ಲವಾದರೆ ತಾತ್ಕಾಲಿಕ ಡೈರೆಕ್ಟರಿ ಬೇರೆ ಪಾರ್ಟಿಷನ್‌ನಲ್ಲಿದ್ದಾಗ ಪ್ರತಿ ಫೈಲೂ ಎರಡು ಸಲ ಬರೆಯಲ್ಪಡುತ್ತದೆ. ಕ್ಯಾಶ್ ತಗ್ಗಿಸಬೇಕೆಂದಿದ್ದರೆ ಮ್ಯಾಕ್ಸ್_ಸೈಜನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ರೀಲೋಡ್ ಮಾಡುತ್ತಾ ಬನ್ನಿ.

ಇನ್ನೊಂದು ವೆಬ್ ಸರ್ವರ್ ಆದ ಅಪಾಚೆಯಲ್ಲಿ ಈ ಕೆಲಸಕ್ಕೆ ‘ಎಚ್‌ಟಿ‌ಕ್ಯಾಶ್‌ಕ್ಲೀನ್’ ಇದೆ. ಅದಕ್ಕೆ ‘-ಎನ್’ ಕೊಟ್ಟರೆ ಬೇರೆ ಪ್ರೊಸೆಸ್‌ಗಳಿಗೆ ದಾರಿ ಬಿಟ್ಟುಕೊಂಡು ನಿಧಾನವಾಗಿ ನಡೆಯುತ್ತದೆ, ‘-ಟಿ’ ಕೊಟ್ಟರೆ ಖಾಲಿ ಡೈರೆಕ್ಟರಿಗಳನ್ನೂ ತೆಗೆಯುತ್ತದೆ.

ಹಂತ 6: ‘ಎಲ್ಲ ಅಳಿಸಿ’ ಗುಂಡಿಯನ್ನು ಅಡಗಿಸಿಡಿ

ಒಂದು ಪುಟ ತಯಾರಾಗಲು 400 ಮಿಲಿಸೆಕೆಂಡ್ ಬೇಕು, ಪಿಎಚ್‌ಪಿ ವರ್ಕರ್‌ಗಳು (ಒಂದು ಸಲಕ್ಕೆ ಒಂದೇ ಪುಟ ತಯಾರಿಸುವ ಪ್ರೊಸೆಸ್‌ಗಳು) 8 ಇವೆ ಎಂದುಕೊಳ್ಳಿ. ಸೆಕೆಂಡಿಗೆ 20 ಪುಟ ಮಾಡಬಹುದು, ಅದಕ್ಕಿಂತ ಒಂದೂ ಹೆಚ್ಚಲ್ಲ. ಸೆಕೆಂಡಿಗೆ 150 ಕೋರಿಕೆ ಬರುತ್ತಿದೆ, ಅದರಲ್ಲಿ ಶೇ. 90ರಷ್ಟು ಕ್ಯಾಶ್‌ನಿಂದಲೇ ಹೋಗುತ್ತಿದೆ. ಉಳಿದ 15 ಮಾತ್ರ ಪಿಎಚ್‌ಪಿಗೆ, ಎಲ್ಲ ಸರಾಗ. ಈಗ ಗುಂಡಿ ಒತ್ತಿದರು. 150 ಕೋರಿಕೆಯೂ 20ರ ಬಾಗಿಲಿಗೆ ಬಂದವು. ಮೊದಲ ಸೆಕೆಂಡಿನಲ್ಲೇ 130 ಸರದಿಯಲ್ಲಿ ನಿಂತವು, ಎರಡನೆಯದರಲ್ಲಿ 260. ಕಾದು ಬೇಸತ್ತವರು ರಿಫ್ರೆಶ್ ಒತ್ತುತ್ತಾರೆ, ಸಾಲು ಇನ್ನೂ ಬೆಳೆಯುತ್ತದೆ. ಇನ್ನೂ ಕೆಟ್ಟದ್ದೆಂದರೆ ಅವುಗಳಲ್ಲಿ ಬಹುಪಾಲು ಅದೇ ಮುಖಪುಟವನ್ನೇ ಕೇಳುತ್ತಿರುತ್ತವೆ, ಎಂಟೂ ವರ್ಕರ್‌ಗಳು ಒಂದೇ ಪುಟವನ್ನು ಎಂಟು ಸಲ ತಯಾರಿಸುತ್ತಿರುತ್ತವೆ.

ಇದಕ್ಕೆ ಮೊದಲ ಮದ್ದು ಬೀಗ. ಒಂದು ಕೀಗೆ ಒಬ್ಬರೇ ಪುಟ ತಯಾರಿಸಲಿ, ಉಳಿದವರು ಕಾಯಲಿ. ಎಂಜಿನ್‌ಎಕ್ಸ್‌ನಲ್ಲಿ ‘ಪ್ರಾಕ್ಸಿ_ಕ್ಯಾಶ್_ಲಾಕ್’ ಇದನ್ನೇ ಮಾಡುತ್ತದೆ, ಆದರೆ ಅದು ತಾನಾಗಿ ಆನ್ ಇರುವುದಿಲ್ಲ, ನೀವೇ ಹಾಕಬೇಕು. ಅದರ ಜೊತೆ ‘ಪ್ರಾಕ್ಸಿ_ಕ್ಯಾಶ್_ಯೂಸ್_ಸ್ಟೇಲ್’‌ಗೆ ‘ಅಪ್‌ಡೇಟಿಂಗ್’ ಕೊಟ್ಟು, ‘ಬ್ಯಾಕ್‌ಗ್ರೌಂಡ್_ಅಪ್‌ಡೇಟ್’ ಆನ್ ಮಾಡಿದರೆ ಅವಧಿ ಮುಗಿದ ಪುಟಕ್ಕಾಗಿ ಯಾರೂ ಕಾಯಬೇಕಿಲ್ಲ. ಎಲ್ಲರಿಗೂ ಹಳೆಯ ಪುಟ ಹೋಗುತ್ತದೆ, ಹಿನ್ನೆಲೆಯಲ್ಲಿ ಒಂದೇ ಕೋರಿಕೆ ಹೊಸದನ್ನು ತರುತ್ತದೆ.

ಎರಡನೆಯದು, ಅಳಿಸುವ ಬದಲು ಗುರುತು ಬದಲಿಸುವುದು. ಕ್ಯಾಶ್ ಕೀಯ ಮುಂದೆ ವಿಭಾಗಕ್ಕೊಂದು ಆವೃತ್ತಿ ಸಂಖ್ಯೆ ಸೇರಿಸಿ. ಸುದ್ದಿ ವಿಭಾಗದ ವಿನ್ಯಾಸ ಬದಲಾದರೆ ಅದರ ಸಂಖ್ಯೆಯನ್ನು 7ರಿಂದ 8ಕ್ಕೆ ಏರಿಸಿ. ಹಳೆಯ ಫೈಲುಗಳನ್ನು ಇನ್ನು ಯಾರೂ ಕೇಳುವುದಿಲ್ಲ, ಹಂತ 4ರ ಸುತ್ತು ಅವುಗಳನ್ನು ತನ್ನ ಪಾಡಿಗೆ ತೆಗೆಯುತ್ತದೆ. ಒಂದೇ ಲೇಖನ ಬದಲಾದರೆ ಆ ಪುಟ, ಅದು ಕಾಣಿಸಿಕೊಳ್ಳುವ ಪಟ್ಟಿಯ ಪುಟ, ಮುಖಪುಟ, ಇಷ್ಟನ್ನು ಮಾತ್ರ ಅಳಿಸಿದರೆ ಸಾಕು.

ಅವಧಿಗೂ ಸ್ವಲ್ಪ ಏರುಪೇರು ಇರಲಿ. ಎಲ್ಲ ಪುಟಕ್ಕೂ ನೆಟ್ಟಗೆ 3,600 ಸೆಕೆಂಡ್ ಕೊಟ್ಟರೆ, ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಸಾಯುತ್ತವೆ. 3,240ರಿಂದ 3,960ರ ನಡುವೆ ಯಾವುದಾದರೂ ಸಂಖ್ಯೆ ಬರುವಂತೆ ಮಾಡಿದರೆ ಹೊರೆ ಹರಡಿಕೊಳ್ಳುತ್ತದೆ.

ಪೂರ್ತಿ ಅಳಿಸದೆ ಗತ್ಯಂತರವೇ ಇಲ್ಲದಾಗ, ಮೊದಲೇ ಆಕ್ಸೆಸ್ ಲಾಗಿನಿಂದ ಅತಿ ಹೆಚ್ಚು ಕೇಳುವ ಕೆಲವು ನೂರು ವಿಳಾಸಗಳ ಪಟ್ಟಿ ಮಾಡಿಟ್ಟುಕೊಳ್ಳಿ. ಅಳಿಸಿದ ಕೂಡಲೇ ಒಂದು ಸ್ಕ್ರಿಪ್ಟ್ ಆ ಪುಟಗಳನ್ನು ಕೇಳಿಕೊಂಡು ಹೋಗಲಿ, ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಎಂಟು ವರ್ಕರ್‌ಗಳಲ್ಲಿ ಆರು, ಸೈಟಿಗೆ ಭೇಟಿ ಕೊಡುವವರಿಗೆ ಉಳಿಯಬೇಕು.

ಹಂತ 7: ಬೇಡದ ಫೈಲು ಹುಟ್ಟಲೇಬಾರದು

ಕ್ಯಾಶ್ ಫೈಲುಗಳಲ್ಲಿ ನೂರನ್ನು ಹೆಕ್ಕಿ, ಒಳಗಿರುವ ಕೀ ಓದಿ ನೋಡಿ. ಎಂಜಿನ್‌ಎಕ್ಸ್ ಫೈಲಿನ ಆರಂಭದಲ್ಲೇ ಕೀ ಬರೆದಿರುತ್ತದೆ. ಒಂದೇ ಲೇಖನ ಹತ್ತಾರು ರೂಪದಲ್ಲಿ ಕುಳಿತಿರುವುದು ಕಂಡರೆ ಆಶ್ಚರ್ಯಪಡಬೇಡಿ. ವಿಳಾಸದ ತುದಿಯಲ್ಲಿ ‘ಯುಟಿಎಂ’ ಎಂದು ಶುರುವಾಗುವ ಪ್ರಚಾರದ ಗುರುತುಗಳು, ಫೇಸ್‌ಬುಕ್ ಅಂಟಿಸುವ ‘ಎಫ್‌ಬಿಸಿಎಲ್‌ಐಡಿ’, ಗೂಗಲ್ ಜಾಹೀರಾತಿನ ‘ಜಿಸಿಎಲ್‌ಐಡಿ’ ಇವುಗಳಿಂದ ಬಹುತೇಕ ಪ್ರತಿ ಭೇಟಿಗೂ ಬೇರೆ ವಿಳಾಸ, ಬೇರೆ ಕೀ, ಬೇರೆ ಫೈಲು. ಆ ಫೈಲನ್ನು ಇನ್ನೊಬ್ಬರು ಕೇಳುವ ಸಂಭವ ತೀರಾ ಕಡಿಮೆ. ಕೀ ಮಾಡುವ ಮೊದಲು ಇವನ್ನು ಕಿತ್ತುಹಾಕಿ, ಉಳಿದವನ್ನು ಅಕ್ಷರಕ್ರಮದಲ್ಲಿ ಜೋಡಿಸಿ. ಇನ್ನೂ ಗಟ್ಟಿ ದಾರಿಯೆಂದರೆ, ಸೈಟಿಗೆ ನಿಜಕ್ಕೂ ಬೇಕಾದ ನಾಲ್ಕೈದು ಪ್ಯಾರಾಮೀಟರ್‌ಗಳನ್ನು ಮಾತ್ರ ಒಪ್ಪಿ, ಮಿಕ್ಕೆಲ್ಲವನ್ನೂ ಬಿಟ್ಟುಬಿಡುವುದು.

ಹುಡುಕಾಟದ ಫಲಿತಾಂಶ, ನೂರಾರು ವರ್ಷ ಹಿಂದೆ ಮುಂದೆ ಹೋಗಬಹುದಾದ ಕ್ಯಾಲೆಂಡರ್ ಪುಟ, ನಾಲ್ಕೈದು ಫಿಲ್ಟರ್ ಸೇರಿಸಿದ ಉತ್ಪನ್ನಪಟ್ಟಿ, ಇವುಗಳ ಕೊಂಡಿ ಹಿಡಿದು ಬಾಟ್‌ಗಳು (ಪುಟಗಳನ್ನು ತಾವಾಗಿ ಸುತ್ತುವ ತಂತ್ರಾಂಶಗಳು) ಕೊನೆಯಿಲ್ಲದೆ ಓಡಾಡುತ್ತವೆ, ಕ್ಯಾಶ್ ತುಂಬಿಸುತ್ತವೆ. ಇಂಥವನ್ನು ಕ್ಯಾಶ್‌ನಿಂದ ಹೊರಗಿಡಿ, ಅಥವಾ ‘ಮಿನ್_ಯೂಸಸ್’ 2 ಮಾಡಿ. ಎರಡನೆಯ ಸಲ ಕೇಳಿದಾಗ ಮಾತ್ರ ಫೈಲು ಹುಟ್ಟುತ್ತದೆ. ಬಾಟ್ ಒಮ್ಮೆ ಬಂದು ಹೋದದ್ದು ಡಿಸ್ಕಿಗೆ ಇಳಿಯುವುದೇ ಇಲ್ಲ.

ಕ್ಯಾಶನ್ನು ಮುಟ್ಟುವ ಬೇರೆಯವರು

ಶುಚಿಯ ಸ್ಕ್ರಿಪ್ಟ್ ಸರಿಯಿದ್ದರೂ ದಿನದ ಒಂದು ಹೊತ್ತಿನಲ್ಲಿ ಡಿಸ್ಕ್ ಒದ್ದಾಡುತ್ತಿದ್ದರೆ ಸುತ್ತಲೂ ನೋಡಿ. ಫೈಲು ಹುಡುಕುವ ‘ಲೊಕೇಟ್’ ಕಮಾಂಡಿಗಾಗಿ ಓಡುವ ‘ಅಪ್‌ಡೇಟ್‌ಡಿಬಿ’ ಇಡೀ ಡಿಸ್ಕ್ ಸುತ್ತುತ್ತದೆ, ಅದರ ‘ಪ್ರೂನ್‌ಪಾತ್ಸ್’ ಪಟ್ಟಿಗೆ ಕ್ಯಾಶ್ ಡೈರೆಕ್ಟರಿ ಸೇರಿಸಿ. ಬ್ಯಾಕಪ್‌ನಿಂದ ಅದನ್ನು ಹೊರಗಿಡಿ, ಮತ್ತೆ ತಯಾರಿಸಬಹುದಾದ ಪುಟಗಳಿಗೆ ಬ್ಯಾಕಪ್ ಯಾಕೆ? ವೈರಸ್ ಸ್ಕ್ಯಾನರ್‌ಗೂ ಇದೇ ಮಾತು. ಎಸ್‌ಎಸ್‌ಡಿಯಲ್ಲಿ ‘ಡಿಸ್ಕಾರ್ಡ್’ ಆಯ್ಕೆಯೊಂದಿಗೆ ಮೌಂಟ್ ಆಗಿದ್ದರೆ ಪ್ರತಿ ಅಳಿಸುವಿಕೆಯೂ ಡಿಸ್ಕಿಗೆ ಟ್ರಿಮ್ ಆದೇಶ (ಈ ಜಾಗ ಖಾಲಿ ಎಂಬ ಸೂಚನೆ) ಕಳಿಸಬಹುದು. ಅದನ್ನು ತೆಗೆದು, ವಾರಕ್ಕೊಮ್ಮೆ ಓಡುವ ‘ಎಫ್‌ಎಸ್‌ಟ್ರಿಮ್’ ಟೈಮರ್ ಬಳಸಿ.

ಏನನ್ನು ಗಮನಿಸುತ್ತಿರಬೇಕು

ಐನೋಡ್ ಬಳಕೆ ಶೇ. 80 ದಾಟಿದರೆ ಎಚ್ಚರಿಕೆ ಬರುವಂತೆ ಮಾಡಿ. ಜಾಗದ ಎಚ್ಚರಿಕೆಯನ್ನು ಬಹಳ ಜನ ಇಟ್ಟಿರುತ್ತಾರೆ, ಐನೋಡ್‌ದು ಇಟ್ಟಿರುವುದಿಲ್ಲ. ‘ಐಒಸ್ಟ್ಯಾಟ್ -ಎಕ್ಸ್’ ತೋರಿಸುವ ‘ಅವೇಟ್’ ಅಂಕಿಯನ್ನು (ಡಿಸ್ಕಿನ ಕೋರಿಕೆ ಮುಗಿಯಲು ಹಿಡಿದ ಸರಾಸರಿ ಸಮಯ; ಈಚಿನ ಆವೃತ್ತಿಗಳಲ್ಲಿ ಓದಿಗೂ ಬರಹಕ್ಕೂ ಬೇರೆಬೇರೆ ಕಾಣುತ್ತದೆ) ಶುಚಿ ನಡೆಯುವಾಗ ಮತ್ತು ನಡೆಯದಾಗ ಹೋಲಿಸಿ. ಎಂಜಿನ್‌ಎಕ್ಸ್ ಲಾಗಿಗೆ ‘ಅಪ್‌ಸ್ಟ್ರೀಮ್_ಕ್ಯಾಶ್_ಸ್ಟೇಟಸ್’ ಸೇರಿಸಿದರೆ ಪ್ರತಿ ಕೋರಿಕೆಯ ಮುಂದೆ ‘ಹಿಟ್’, ‘ಮಿಸ್’, ‘ಸ್ಟೇಲ್’ ಎಂದು ಕಾಣುತ್ತದೆ. ಫೈಲುಗಳ ಸಂಖ್ಯೆ ಏರುತ್ತಿದ್ದು ಹಿಟ್ ಪ್ರಮಾಣ ಹಾಗೆಯೇ ಇದ್ದರೆ, ಹುಟ್ಟುತ್ತಿರುವುದು ಯಾರೂ ಓದದ ಫೈಲುಗಳು ಎಂದು ತಿಳಿದು ಹಂತ 7ಕ್ಕೆ ಮರಳಿ.

ಶುರುವಿಗೆ 500ರ ಗುಂಪು, ಒಂದು ಸೆಕೆಂಡ್ ವಿರಾಮ ಇಟ್ಟುಕೊಂಡು ಒಂದು ವಾರ ಓಡಿಸಿ ನೋಡಿ. ಅವೇಟ್ ಏರದಿದ್ದರೆ ಗುಂಪನ್ನು 1,000ಕ್ಕೆ ಹೆಚ್ಚಿಸಿ. ಏರಿದರೆ ಗುಂಪನ್ನು ಚಿಕ್ಕದು ಮಾಡುವುದಕ್ಕಿಂತ ಮೊದಲು ವಿರಾಮವನ್ನು ಎರಡು ಸೆಕೆಂಡಿಗೆ ಏರಿಸಿ ನೋಡಿ.